ಕಂಡವರು ಹೇಳಬೇಕು

ಡೊಂಬಿವಲಿಯಿಂದ ಕಲ್ಯಾಣದವರೆಗೆ, ಠಾಣೆಯಿಂದ ವಾಶಿಯವರೆಗೆ ನಮ್ಮವರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ವಧೂವರರ ಬಯೋಡೇಟಾಗಳನ್ನು ನೀವೂ ನೋಡಿರುತ್ತೀರಿ. ಗೋತ್ರ, ನಕ್ಷತ್ರ, ಎತ್ತರ, ಪ್ಯಾಕೇಜು, ಸ್ವಂತ ಫ್ಲ್ಯಾಟು ಇದೆಯೋ ಇಲ್ಲವೋ, ಇದ್ದರೆ ಸ್ಟೇಷನ್ನಿನಿಂದ ಎಷ್ಟು ದೂರ, ಎಲ್ಲ ಇರುತ್ತದೆ. ಎರಡು ಸಂಗತಿಗಳು ಮಾತ್ರ ಇರುವುದಿಲ್ಲ. ಒಂದು, ಹುಡುಗನಿಗೋ ಹುಡುಗಿಗೋ ಫಿಟ್ಸ್ ಬರುತ್ತದೆ ಎಂಬುದು. ಇನ್ನೊಂದು, ಹುಡುಗನ ಮನಸ್ಸು ಹುಡುಗಿಯರ ಕಡೆಗೆ, ಹುಡುಗಿಯ ಮನಸ್ಸು ಹುಡುಗರ ಕಡೆಗೆ ಹೋಗುವುದೇ ಇಲ್ಲ ಎಂಬುದು. ಎರಡಕ್ಕೂ ಮನೆಯ ಹಿರಿಯರು ಕೊಡುವ ಔಷಧ ಒಂದೇ. ಮದುವೆ ಮಾಡಿ, ಎಲ್ಲ ಸರಿಹೋಗುತ್ತದೆ.

ಇವೆರಡಕ್ಕೂ ಒಂದಕ್ಕೊಂದು ಸಂಬಂಧವಿಲ್ಲ. ಒಂದು ಕಾಯಿಲೆ, ಇನ್ನೊಂದು ಕಾಯಿಲೆಯಲ್ಲ. ಆದರೂ ನಮ್ಮ ಮನೆಗಳಲ್ಲಿ ಎರಡನ್ನೂ ಒಂದೇ ಕಪಾಟಿನಲ್ಲಿಟ್ಟು ಬೀಗ ಹಾಕುತ್ತೇವೆ. ಕಾನೂನೂ ಬಹುಕಾಲ ಹಾಗೆಯೇ ಮಾಡಿತ್ತು. 1955ರ ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ತಿದ್ದುಪಡಿ ತಂದಾಗ ಮದುವೆಗೆ ಅಡ್ಡಿಯಾಗುವ ಸಂಗತಿಗಳ ಪಟ್ಟಿಯಲ್ಲಿ, ಮರುಕಳಿಸುವ ಹುಚ್ಚಿನ ಪಕ್ಕದಲ್ಲೇ, ಮೂರ್ಛೆರೋಗವನ್ನೂ ಬರೆದರು. ವೈದ್ಯರು, ರೋಗಿಗಳ ಪರ ದನಿಯೆತ್ತಿದವರು ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 1999ರಲ್ಲಿ ಆ ಪದವನ್ನು ತೆಗೆದುಹಾಕಲಾಯಿತು. ಇನ್ನೊಂದರ ಕಥೆ ಇನ್ನೂ ದೀರ್ಘ. ಬ್ರಿಟಿಷರ ಕಾಲದ 1860ರ ದಂಡಸಂಹಿತೆಯ 377ನೇ ಕಲಮಿನಿಂದ ಸಲಿಂಗಪ್ರೇಮಿಗಳನ್ನು ಸುಪ್ರೀಂ ಕೋರ್ಟು ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಅವರ ಮದುವೆಗೆ ಮಾನ್ಯತೆ ಕೊಡಲು ಅದೇ ಕೋರ್ಟು 2023ರ ಅಕ್ಟೋಬರಿನಲ್ಲಿ ಒಪ್ಪಲಿಲ್ಲ. ಕಾನೂನಿನ ಪುಸ್ತಕದಲ್ಲಿ ಇಷ್ಟಾದರೂ ಅಳಿಸಿದೆ. ನಮ್ಮ ಬಯೋಡೇಟಾಗಳಲ್ಲಿ ಏನೂ ಬದಲಾಗಿಲ್ಲ.

ಈ ಎರಡು ಬೀಗಗಳ ಬಗ್ಗೆ ಯೋಚಿಸುವಾಗೆಲ್ಲ ನನಗೆ ನೆನಪಾಗುವುದು ಆಲಿವರ್ ಸ್ಯಾಕ್ಸ್. ‘ಅವೇಕನಿಂಗ್ಸ್’ ಸಿನಿಮಾ ನೋಡಿದವರಿಗೆ ಗೊತ್ತಿರಬಹುದು. 1990ರ ಆ ಚಿತ್ರದಲ್ಲಿ ರಾಬಿನ್ ವಿಲಿಯಮ್ಸ್ ಮಾಡಿದ ನಾಚಿಕೆ ಸ್ವಭಾವದ ಡಾಕ್ಟರ ಪಾತ್ರಕ್ಕೆ ಮೂಲ ಇವರೇ. ನರರೋಗ ತಜ್ಞರು, ಬರಹಗಾರರು, ಸಲಿಂಗಪ್ರೇಮಿ. ಮೂರ್ಛೆಯೊಂದೇ ಅವರ ಕ್ಷೇತ್ರವಾಗಿರಲಿಲ್ಲ. ಮೈಗ್ರೇನು, ಪಾರ್ಕಿನ್ಸನ್ಸ್, ಟುರೆಟ್, ಮುಖ ಗುರುತು ಸಿಗದಿರುವುದು, ಹೀಗೆ ಮೆದುಳಿನ ಹತ್ತಾರು ತೊಂದರೆಗಳ ಬಗ್ಗೆ ಬರೆದರು. ಆದರೆ ಮೂರ್ಛೆರೋಗವನ್ನು ಒಳಗಿನಿಂದ ಅನುಭವಿಸುವವರಿಗೆ ಏನೇನು ಕಾಣುತ್ತದೆ, ಕೇಳುತ್ತದೆ ಎಂಬುದನ್ನು ಸಾಮಾನ್ಯ ಓದುಗರಿಗೆ ಅವರಷ್ಟು ಚೆನ್ನಾಗಿ ಹೇಳಿದವರು ಕಡಿಮೆ.

ಸ್ಯಾಕ್ಸ್ ಹುಟ್ಟಿದ್ದು 1933ರ ಜುಲೈ 9ರಂದು, ಲಂಡನ್ನಿನಲ್ಲಿ, ಸಂಪ್ರದಾಯಸ್ಥ ಯಹೂದಿ ಮನೆಯಲ್ಲಿ. ತಂದೆ ಜನರಲ್ ಪ್ರಾಕ್ಟೀಸಿನ ಡಾಕ್ಟರು. ತಾಯಿ ಮ್ಯೂರಿಯಲ್ ಎಲ್ಸಿ ಲ್ಯಾಂಡೌ, ಇಂಗ್ಲೆಂಡಿನಲ್ಲಿ ಶಸ್ತ್ರವೈದ್ಯರಾದ ಮೊದಲ ಕೆಲವೇ ಹೆಂಗಸರಲ್ಲಿ ಒಬ್ಬರು. ಊಟದ ಮೇಜಿನ ಸುತ್ತ ರೋಗಿಗಳ ಕಥೆ ಹೇಳುವ ಮನೆ ಅದು. ಕಾಯಿಲೆಯನ್ನು ಕಥೆಯಾಗಿ ಹೇಳುವುದನ್ನು ಸ್ಯಾಕ್ಸ್ ಕಲಿತದ್ದೇ ತಂದೆತಾಯಿಯಿಂದ.

ಹದಿನೆಂಟರ ವಯಸ್ಸಿನಲ್ಲಿ, ಆಕ್ಸ್‌ಫರ್ಡಿಗೆ ಹೊರಡುವ ಮೊದಲು, ತಂದೆ ಕೇಳಿದರು, ನಿನಗೆ ಗೆಳತಿಯರು ಯಾಕಿಲ್ಲ ಎಂದು. ತನಗೆ ಹುಡುಗರು ಇಷ್ಟ ಎಂದು ಮಗ ಹೇಳಿದ. ಅಮ್ಮನಿಗೆ ಮಾತ್ರ ಹೇಳಬೇಡ, ತಡೆದುಕೊಳ್ಳುವುದಿಲ್ಲ ಎಂದೂ ಬೇಡಿಕೊಂಡ. ತಂದೆ ಹೇಳಿಬಿಟ್ಟರು. ಮಾರನೆಯ ದಿನ ತಾಯಿ ಮೆಟ್ಟಿಲಿಳಿದು ಬಂದು, ನೀನು ಹುಟ್ಟದೇ ಇದ್ದಿದ್ದರೆ ಒಳ್ಳೆಯದಿತ್ತು ಎಂಬರ್ಥದ ಮಾತಾಡಿದರು. ಆಮೇಲೆ ಕೆಲವು ದಿನ ಮಾತೇ ಆಡಲಿಲ್ಲ. ಮತ್ತೆ ಮಾತು ಶುರುವಾದಾಗ ಆ ವಿಷಯ ಇಬ್ಬರ ನಡುವೆ ಯಾವತ್ತೂ ಬರಲಿಲ್ಲ. ಇದು 1950ರ ದಶಕದ ಮೊದಲ ವರ್ಷಗಳ ಮಾತು. 1952ರಲ್ಲಿ ಇದೇ ‘ಅಪರಾಧ’ಕ್ಕೆ ಗಣಿತಜ್ಞ ಅಲನ್ ಟ್ಯೂರಿಂಗ್ ಅವರಿಗೆ ಅಲ್ಲಿನ ಕೋರ್ಟು ಶಿಕ್ಷೆ ವಿಧಿಸಿತು. ಇಂಗ್ಲೆಂಡಿನಲ್ಲಿ ಆ ಕಾನೂನು ಸಡಿಲವಾದದ್ದು 1967ರಲ್ಲಿ.

1960ರಲ್ಲಿ, ತಮ್ಮ 27ನೇ ಹುಟ್ಟುಹಬ್ಬದ ದಿನವೇ, ಸ್ಯಾಕ್ಸ್ ಇಂಗ್ಲೆಂಡು ಬಿಟ್ಟು ಕೆನಡಾಕ್ಕೆ, ಅಲ್ಲಿಂದ ಅಮೆರಿಕಕ್ಕೆ ಹೋದರು. ಓದು, ಕೆಲಸ ಎಲ್ಲ ನೆಪಕ್ಕೆ ಇದ್ದವು. ಆದರೆ ಯಾರೂ ಗುರುತು ಹಿಡಿಯದ ಊರು ಬೇಕಿತ್ತು ಎಂಬುದೂ ನಿಜ. ಮುಂಬೈಗೆ ಬಂದಿಳಿಯುವ ನಮ್ಮ ಎಷ್ಟೋ ಹುಡುಗ ಹುಡುಗಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬೈಕು ಓಡಿಸಿದರು, ಭಾರ ಎತ್ತಿದರು. 1961ರಲ್ಲಿ 600 ಪೌಂಡು, ಅಂದರೆ ಸುಮಾರು 272 ಕಿಲೋ ಹೆಗಲ ಮೇಲೆ ಹೊತ್ತು ಕೂತು ಎದ್ದು ಆ ರಾಜ್ಯದ ದಾಖಲೆಯನ್ನೇ ಮಾಡಿದರು. ಮಾದಕ ಗುಳಿಗೆಗಳ ಚಟಕ್ಕೂ ಬಿದ್ದು ಎದ್ದರು. ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ ನರರೋಗ ತರಬೇತಿ ಮುಗಿಸಿ 1965ರಲ್ಲಿ ನ್ಯೂಯಾರ್ಕಿಗೆ ಬಂದರು. ಮರುವರ್ಷ ಬ್ರಾಂಕ್ಸಿನ ಬೆತ್ ಏಬ್ರಹಾಂ ಆಸ್ಪತ್ರೆಯಲ್ಲಿ, ದಶಕಗಳಿಂದ ಕಲ್ಲಿನಂತೆ ಕೂತಿದ್ದ ರೋಗಿಗಳನ್ನು ಕಂಡರು. ಎಲ್-ಡೋಪಾ ಕೊಟ್ಟಾಗ ಅವರು ಎಚ್ಚೆತ್ತ ಕಥೆಯೇ 1973ರ ‘ಅವೇಕನಿಂಗ್ಸ್’ ಪುಸ್ತಕ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದದ್ದೂ ಅದೇ 1973ರಲ್ಲಿ.

ಮೂರ್ಛೆ ಅಂದರೆ ಏನು ಎಂದು ಒಂದು ಕ್ಷಣ ನೋಡೋಣ. ಮೆದುಳಿನ ಕೋಶಗಳು ಸದಾ ಒಂದಕ್ಕೊಂದು ವಿದ್ಯುತ್ ಸಂಕೇತ ಕಳಿಸುತ್ತಿರುತ್ತವೆ, ಒಂದೊಂದೂ ತನ್ನ ಪಾಡಿಗೆ, ತನ್ನ ಸರದಿಯಲ್ಲಿ. ಡೊಂಬಿವಲಿ ಪ್ಲಾಟ್‌ಫಾರಂ ಮೇಲೆ ಸಾವಿರ ಜನ ಓಡಾಡುತ್ತಿದ್ದರೂ ದಾರಿ ಸಿಗುತ್ತದಲ್ಲ, ಹಾಗೆ. ಫಾಸ್ಟ್ ಲೋಕಲ್ ಬಂದು ನಿಂತಾಗ ಎಲ್ಲರೂ ಒಂದೇ ಬಾಗಿಲಿಗೆ ನುಗ್ಗುತ್ತಾರೆ. ಕೋಶಗಳು ಹಾಗೆ ಒಟ್ಟಿಗೆ, ಒಂದೇ ತಾಳದಲ್ಲಿ ಸಿಡಿದರೆ ಅದು ಸೀಜರ್. ಮೆದುಳಿಡೀ ಹಬ್ಬಿದರೆ ಮೈ ಸೆಟೆದು, ನಡುಗಿ, ಪ್ರಜ್ಞೆ ಹೋಗುತ್ತದೆ. ಒಂದೇ ಮೂಲೆಯಲ್ಲಿ ಉಳಿದರೆ ಆ ಮೂಲೆಯ ಕೆಲಸ ಯಾವುದೋ ಅದು ಹೊರಗೆ ಬರುತ್ತದೆ. ಕೈಯೊಂದು ಅದುರಬಹುದು, ಇಲ್ಲದ ವಾಸನೆ ಬರಬಹುದು. ಕಿವಿಯ ಮೇಲ್ಭಾಗದ ಟೆಂಪೊರಲ್ ಭಾಗದಲ್ಲಾದರೆ ಹಳೆಯ ಹಾಡೋ ಹಳೆಯ ಊರೋ ಕಣ್ಣಮುಂದೆ ಬರಬಹುದು.

1985ರ ‘ದಿ ಮ್ಯಾನ್ ಹೂ ಮಿಸ್ಟುಕ್ ಹಿಸ್ ವೈಫ್ ಫಾರ್ ಎ ಹ್ಯಾಟ್’ ಪುಸ್ತಕದಲ್ಲಿ ಇಂಥ ಇಬ್ಬರು ಬರುತ್ತಾರೆ. ಒಬ್ಬರು ವೃದ್ಧಾಶ್ರಮದಲ್ಲಿದ್ದ ಐರಿಷ್ ಅಜ್ಜಿ. ಒಂದು ರಾತ್ರಿ ಎಚ್ಚರವಾದಾಗ ಬಾಲ್ಯದ ಐರಿಷ್ ಹಾಡುಗಳು ಜೋರಾಗಿ ಕೇಳುತ್ತಿದ್ದವು. ಯಾರೋ ರೇಡಿಯೋ ಆರಿಸದೆ ಬಿಟ್ಟಿದ್ದಾರೆ ಎಂದು ಹುಡುಕಿದರಂತೆ. ಪರೀಕ್ಷೆ ಮಾಡಿದಾಗ ಅದು ಟೆಂಪೊರಲ್ ಭಾಗದ ಸೀಜರ್. ಐದು ತುಂಬುವ ಮೊದಲೇ ತಾಯಿಯನ್ನು ಕಳೆದುಕೊಂಡಿದ್ದ ಆ ಅಜ್ಜಿಗೆ, ನೆನಪಿನಲ್ಲೇ ಇಲ್ಲದ ಬಾಲ್ಯ ಆ ಹಾಡುಗಳೊಂದಿಗೆ ತಿರುಗಿ ಬಂದಿತ್ತು. ಇನ್ನೊಬ್ಬಳು ಭಾರತದ ಹುಡುಗಿ, 19 ವರ್ಷ, ಮೆದುಳಿನಲ್ಲಿ ಗಡ್ಡೆ. ಕೊನೆಯ ವಾರಗಳಲ್ಲಿ ಅವಳಿಗೆ ಬರುತ್ತಿದ್ದ ಸೀಜರುಗಳಲ್ಲಿ ಬಿಟ್ಟುಬಂದ ಊರು, ಮನೆ, ತೋಟ ಕಾಣುತ್ತಿದ್ದವು. ಅವಳು ಹೆದರಿರಲಿಲ್ಲ. ಮನೆಗೆ ಹೋಗುತ್ತಿದ್ದೇನೆ ಎಂಬ ಭಾವದಲ್ಲಿದ್ದಳು ಎಂದು ಸ್ಯಾಕ್ಸ್ ಬರೆಯುತ್ತಾರೆ. ಊರು ಬಿಟ್ಟ ನಮ್ಮಂಥವರು ಆ ಅಧ್ಯಾಯವನ್ನು ಬೇಗ ಮರೆಯಲಾರೆವು.

ಈ ಇಬ್ಬರಿಗೆ ಆದದ್ದು ಹೊರಗೆ ಗೊತ್ತಾದದ್ದು ಹೇಗೆ? ಅವರು ಹೇಳಿದರು, ಡಾಕ್ಟರು ಕೂತು ಕೇಳಿದರು, ಅಷ್ಟೇ. ಮೂರ್ಛೆಯ ವಿಚಾರದಲ್ಲಿ ಇದು ಬಹಳ ದೊಡ್ಡ ಮಾತು. ಸಕ್ಕರೆ ಕಾಯಿಲೆಯಂತೆ ಒಂದು ಹನಿ ರಕ್ತ ತೆಗೆದು ಹೇಳಿಬಿಡುವ ರೋಗ ಇದಲ್ಲ. ಎರಡು ಸೀಜರುಗಳ ನಡುವಿನ ದಿನಗಳಲ್ಲಿ ಇಇಜಿ ಸರಿಯಾಗಿಯೇ ಇರಬಹುದು, ಎಂಆರ್‌ಐ ಕೂಡ. ಸೀಜರ್ ಬಂದವನಿಗೆ ಆಗ ಪ್ರಜ್ಞೆಯೇ ಇರದಿದ್ದರೆ ಅವನೂ ಹೇಳಲಾರ. ಆಗ ಡಾಕ್ಟರು ನಂಬಬೇಕಾದದ್ದು ಕಣ್ಣಾರೆ ಕಂಡವರನ್ನು. ಮೊದಲು ಯಾವ ಕೈ ಅದುರಿತು, ಕಣ್ಣು ಯಾವ ಕಡೆ ಹೊರಳಿತು, ಎಷ್ಟು ಹೊತ್ತು, ಆಮೇಲೆ ಮಾತು ಬರಲು ಎಷ್ಟು ಹೊತ್ತು, ಇದರಿಂದಲೇ ಇದು ಮೂರ್ಛೆಯೋ ಬರಿಯ ತಲೆಸುತ್ತೋ, ಮೆದುಳಿನ ಯಾವ ಭಾಗದ್ದು, ಯಾವ ಮಾತ್ರೆ ಎಂಬುದು ಬಹುಮಟ್ಟಿಗೆ ತೀರ್ಮಾನವಾಗುತ್ತದೆ.

ನಮ್ಮ ಕರ್ನಾಟಕದ್ದೇ ಉದಾಹರಣೆ ಇದೆ. ಬೆಂಗಳೂರು, ಮೈಸೂರು ಕಡೆ ತಲೆಗೆ ಬಿಸಿನೀರು ಸುರಿದುಕೊಳ್ಳುವಾಗ ಫಿಟ್ಸ್ ಬರುವವರು ಬಹಳ. ಹಂಡೆಯಿಂದ ತಂಬಿಗೆ ತಂಬಿಗೆ ಮೊಗೆದು ಹೊಯ್ದುಕೊಳ್ಳುವ ನಮ್ಮ ತಲೆಸ್ನಾನದ ಜೊತೆಗೇ ಅಂಟಿಕೊಂಡ ಮೂರ್ಛೆ ಇದು. ವೈದ್ಯಲೋಕ ಇದನ್ನು ‘ಹಾಟ್ ವಾಟರ್ ಎಪಿಲೆಪ್ಸಿ’ ಎಂದು ಕರೆಯುತ್ತದೆ. 1960ರ ದಶಕದಲ್ಲೇ ಡಾ. ಕೆ. ಎಸ್. ಮಣಿ ಮತ್ತು ಜೊತೆಗಾರರು ಇದರ ಬಗ್ಗೆ ಬರೆದರು. ಆಮೇಲೆ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತಿತರರು 279 ಜನರ ವಿವರ ಕಲೆಹಾಕಿ 1988ರಲ್ಲಿ ಪ್ರಕಟಿಸಿದರು. ಇದು ಬೆಳಕಿಗೆ ಬಂದದ್ದು ಮನೆಯವರು ಬಚ್ಚಲ ಸುದ್ದಿಯನ್ನು ನಾಚದೆ ಹೇಳಿದ್ದರಿಂದ. ನೀರು ಎಷ್ಟು ಸುಡುತ್ತಿತ್ತು, ಎಷ್ಟನೇ ತಂಬಿಗೆಗೆ ಬಿದ್ದ, ಬರಿಯ ಮೈಸ್ನಾನಕ್ಕೂ ಬರುತ್ತದೆಯೋ ತಲೆಸ್ನಾನಕ್ಕೆ ಮಾತ್ರವೋ ಎಂದೆಲ್ಲ ಡಾಕ್ಟರು ಕೇಳಿದರು, ತಾಯಂದಿರು ಹೇಳಿದರು. ಎಷ್ಟೋ ಜನರಿಗೆ ಮದ್ದು ಅದರಲ್ಲೇ ಸಿಕ್ಕಿತು. ನೀರಿನ ಬಿಸಿ ಇಳಿಸಿ, ಬೇಕಾದರೆ ಸ್ನಾನಕ್ಕೆ ಮೊದಲು ಒಂದು ಮಾತ್ರೆ.

ಇಷ್ಟು ಹೇಳಿದ ಮೇಲೆ ಒಬ್ಬ ಹುಡುಗನ ವಿಷಯ ಹೇಳಬೇಕು. ಅವನ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ, ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ಧಾರವಾಡದ ಕಡೆಯವನು, ಮೂವತ್ತು ತುಂಬಿಲ್ಲ. ನನ್ನ ಜೊತೆ ಐರೋಳಿಯ ಆಫೀಸಿನಲ್ಲಿ ಕೆಲಸ, ಘನ್ಸೋಳಿಯಲ್ಲಿ ಬಾಡಿಗೆ ಮನೆ. ಕಳೆದ ವರ್ಷ ಒಂದು ರಿಲೀಸಿಗೆ ಎರಡು ರಾತ್ರಿ ನಿದ್ದೆಗೆಟ್ಟ ಮೇಲೆ ಪ್ಯಾಂಟ್ರಿಯಲ್ಲಿ ಬಿದ್ದುಬಿಟ್ಟ. ಒಬ್ಬರು ಅವನ ಮುಷ್ಟಿಗೆ ಬೀಗದ ಗೊಂಚಲು ತುರುಕುತ್ತಿದ್ದರು, ಇನ್ನೊಬ್ಬರು ಹಲ್ಲಿನ ನಡುವೆ ಚಮಚ ಇಡಲು ನೋಡುತ್ತಿದ್ದರು. ಅವರನ್ನೆಲ್ಲ ಸರಿಸಿ, ಪಕ್ಕಕ್ಕೆ ಹೊರಳಿಸಿ ಮಲಗಿಸಿದೆವು. ಎರಡು ನಿಮಿಷದಲ್ಲಿ ನಿಂತಿತು.

ಹೈಸ್ಕೂಲಿನಿಂದಲೇ ಇತ್ತಂತೆ. ನೆಂಟರಿಗೆ ‘ಲೋ ಬಿಪಿ’ ಎಂದು ಹೇಳಿದ್ದರು. ಅವನೂ ಅದನ್ನೇ ಹೇಳಿಕೊಂಡು ಬಂದಿದ್ದ. ಮಾತ್ರೆ ತಿನ್ನುತ್ತಿದ್ದ, ಡೋಸು ಸಾಲುತ್ತಿರಲಿಲ್ಲ. ಸಾಲುತ್ತಿಲ್ಲ ಎಂದು ಡಾಕ್ಟರಿಗೆ ಗೊತ್ತಾಗುವ ದಾರಿಯೂ ಇರಲಿಲ್ಲ, ಯಾಕೆಂದರೆ ಹಗಲಲ್ಲಿ ವರ್ಷಕ್ಕೆ ಒಂದೋ ಎರಡೋ ಸಲ ಬರುತ್ತಿತ್ತು. ಪ್ಯಾಂಟ್ರಿಯಲ್ಲಿ ಬಿದ್ದದ್ದನ್ನು ಕಂಡಿದ್ದೆನಲ್ಲ, ಅದಕ್ಕೆ ಠಾಣೆಯ ನರರೋಗ ತಜ್ಞರ ಬಳಿ ಹೋಗುವಾಗ ನನ್ನನ್ನು ಕರೆದ. “ನೀವೂ ಒಳಗ ಬರ್ರಿ ಅಣ್ಣಾ, ನನಗ ಏನೂ ನೆನಪಿರಂಗಿಲ್ಲ” ಅಂದ.

ನಾನು ಕಂಡದ್ದನ್ನು ಹೇಳಿದೆ. ಡಾಕ್ಟರು ಅವನನ್ನು ಕೇಳಿದರು, ಬೆಳಿಗ್ಗೆ ಏಳುವಾಗ ನಾಲಿಗೆ ಕಚ್ಚಿಕೊಂಡಿರುತ್ತದೆಯೇ, ಮೈಕೈ ನೋಯುತ್ತದೆಯೇ ಎಂದು. ಹೌದು, ಆಗಾಗ, ಎಂದ. ಹಾಗಾದರೆ ನಿದ್ದೆಯಲ್ಲೂ ಬರುತ್ತಿರಬಹುದು, ನಿಮ್ಮ ಕೋಣೆಯಲ್ಲಿ ಯಾರು ಮಲಗುತ್ತಾರೆ ಎಂದರು. ಅವನು ಸುಮ್ಮನಾದ. ಡಾಕ್ಟರು ಅವಸರ ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅವನು ನನ್ನ ಮುಖ ನೋಡಿ ಮೆಲ್ಲಗೆ, “ಹೊರಗ ಕುಂತಾನ್ರಿ” ಅಂದ.

ಮೆಟ್ಟಿಲ ಮೇಲೆ ಕೂತಿದ್ದ ಹುಡುಗ ಒಳಗೆ ಬಂದ. ಕಲ್ಯಾಣದವನು, ಮರಾಠಿಯವನು. ಮನೆಯ ಮಾಲೀಕರಿಗೆ ಇಬ್ಬರೂ ಫ್ಲ್ಯಾಟ್‌ಮೇಟ್‌ಗಳು, ಧಾರವಾಡದಲ್ಲಿ ‘ರೂಮ್ ಪಾರ್ಟ್ನರ್’. ಜೊತೆಯಾಗಿ ಮೂರು ವರ್ಷ. ಅವನ ಹತ್ತಿರ ಎಲ್ಲವೂ ಇತ್ತು. ಮೊದಲು ಒಂದು ಕೂಗು, ಆಮೇಲೆ ತಲೆ ಬಲಕ್ಕೆ ತಿರುಗುವುದು, ಬಲಗೈ, ಆಮೇಲೆ ಇಡೀ ಮೈ. ಎರಡು ತಿಂಗಳಲ್ಲಿ ಐದು ಸಲ. ದಿನಾಂಕ, ಹೊತ್ತು ಎಲ್ಲ ಫೋನಿನಲ್ಲಿ ಬರೆದಿಟ್ಟಿದ್ದ. ಒಂದರ ವಿಡಿಯೋ ಕೂಡ ತೆಗೆದಿದ್ದ, ಎಂದಾದರೂ ಯಾರಾದರೂ ಡಾಕ್ಟರು ಕೇಳಬಹುದು ಎಂದು. ಡಾಕ್ಟರು ಆ ನಲವತ್ತು ಸೆಕೆಂಡನ್ನು ಮೂರು ಸಲ ನೋಡಿದರು. ಮಾತ್ರೆ ಬದಲಿಸಿದರು, ರಾತ್ರಿಯ ಡೋಸು ಹೆಚ್ಚಿಸಿದರು. ನೀವು ಇವರಿಗೆ ಏನಾಗಬೇಕು ಎಂದು ಕೇಳಲಿಲ್ಲ. ಫೈಲಿನಲ್ಲಿ ತುರ್ತಿಗೆ ಬೇಕಾದ ನಂಬರಿನ ಜಾಗದಲ್ಲಿ ಅವನ ನಂಬರು ಬರೆದುಕೊಂಡರು.

ಮೂರು ವರ್ಷ ಒಂದೇ ಕೋಣೆಯಲ್ಲಿದ್ದು ಎಲ್ಲ ಕಂಡವನು ಪ್ರತಿ ಸಲವೂ ಆಸ್ಪತ್ರೆಯ ಹೊರಗೆ ಕೂತಿದ್ದ. ಒಳಗೆ ಬಂದರೆ ಇನ್ನೊಂದು ಗುಟ್ಟು ಹೊರಬೀಳುತ್ತದೆ ಎಂಬ ಭಯ. ಇದು ಬರೀ ಮುಜುಗರದ ಮಾತಲ್ಲ. ನಿದ್ದೆಯಲ್ಲಿ ಬರುವ ದೊಡ್ಡ ಸೀಜರುಗಳು ಹತೋಟಿಯಲ್ಲಿಲ್ಲದವರಿಗೆ ಹಠಾತ್ ಸಾವಿನ ಅಪಾಯವೂ ಇರುತ್ತದೆ. ರಾತ್ರಿ ಪಕ್ಕದಲ್ಲಿ ಒಬ್ಬರಿದ್ದರೆ ಆ ಅಪಾಯ ಕಡಿಮೆ. ಪಕ್ಕದಲ್ಲಿದ್ದವನನ್ನೇ ಬಚ್ಚಿಟ್ಟರೆ ಡಾಕ್ಟರು ಏನು ಮಾಡಿಯಾರು?

ಬಚ್ಚಿಟ್ಟ ಮಾತು ತಜ್ಞರನ್ನೂ ಬಿಡುವುದಿಲ್ಲ ಎಂಬುದಕ್ಕೆ ಸ್ಯಾಕ್ಸ್ ಅವರೇ ಸಾಕ್ಷಿ. ಪರರ ಕಥೆಯನ್ನು ಅಷ್ಟು ತಾಳ್ಮೆಯಿಂದ ಹೊರತೆಗೆದ ಮನುಷ್ಯ ತಮ್ಮದನ್ನು ಎಂಬತ್ತು ದಾಟುವವರೆಗೆ ಹೇಳಲಿಲ್ಲ. ನಡುವೆ ಮೂವತ್ತೈದು ವರ್ಷ ಯಾರ ಸಂಗವೂ ಇಲ್ಲದೆ ಬದುಕಿದರು. 1966ರಿಂದ ಹೆಚ್ಚುಕಡಿಮೆ ಐವತ್ತು ವರ್ಷ ಒಬ್ಬರೇ ಮನೋವಿಶ್ಲೇಷಕರ ಬಳಿ ಹೋಗುತ್ತಿದ್ದರು. 2025ರ ಕೊನೆಯಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ರೇಚಲ್ ಅವಿವ್ ಅವರು ಸ್ಯಾಕ್ಸ್ ಅವರ ದಿನಚರಿ, ಪತ್ರಗಳನ್ನು ಓದಿ ದೀರ್ಘ ಲೇಖನ ಬರೆದರು. ರೋಗಿಗಳ ಕಥೆಗಳಲ್ಲಿ ಕೆಲವು ಕಡೆ ಸ್ಯಾಕ್ಸ್ ತಮ್ಮದೇ ಮಾತು, ತಮ್ಮದೇ ಹಂಬಲ ಬೆರೆಸಿದ್ದರು, ಅದರ ಬಗ್ಗೆ ಅವರಿಗೇ ಅಳುಕಿತ್ತು ಎಂಬುದು ಅದರಿಂದ ತಿಳಿಯಿತು. ಅವರನ್ನು ಮೆಚ್ಚಿದವರಿಗೆ ಇದು ನುಂಗಲು ಕಷ್ಟದ ಸುದ್ದಿ. ಮೇಲೆ ಹೇಳಿದ ಅಜ್ಜಿಯ ಕಥೆಯನ್ನೂ, ಹುಡುಗಿಯ ಕಥೆಯನ್ನೂ ಇನ್ನು ಮುಂದೆ ಆ ಎಚ್ಚರದಲ್ಲೇ ಓದಬೇಕು. ತನ್ನ ಹೆಸರಲ್ಲಿ ಹೇಳಲಾಗದ್ದು ಇನ್ನೊಬ್ಬರ ಬಾಯಲ್ಲಿ ಬಂದುಬಿಡುತ್ತದೆ ಎಂದು ನನಗಂತೂ ಅನ್ನಿಸಿತು. ಅದರ ಬೆಲೆ ಕೊಟ್ಟದ್ದು ವಿಜ್ಞಾನ.

ವಿಜ್ಞಾನಿಯ ಖಾಸಗಿ ಬದುಕಿಗೂ ಕೆಲಸಕ್ಕೂ ಏನು ಸಂಬಂಧ ಎಂದು ಕೇಳುವವರಿಗೆ ಇನ್ನೊಬ್ಬರ ಹೆಸರು ಹೇಳುತ್ತೇನೆ. ಸ್ಟ್ಯಾನ್‌ಫರ್ಡಿನ ಬೆನ್ ಬ್ಯಾರೆಸ್. ಮೆದುಳಿನ ಗ್ಲಿಯಾ ಕೋಶಗಳ ಕೆಲಸವನ್ನು ತೋರಿಸಿಕೊಟ್ಟವರು. ನರಕೋಶಗಳ ಸುತ್ತ ಹೆಚ್ಚಾದ ಪೊಟ್ಯಾಸಿಯಂ, ಗ್ಲುಟಮೇಟ್‌ಗಳನ್ನು ಒರೆಸಿ ತೆಗೆಯುವ ಈ ಕೋಶಗಳು ಕೆಟ್ಟರೆ ಸೀಜರಿಗೆ ದಾರಿಯಾಗುತ್ತದೆ, ಹಾಗಾಗಿ ಮೂರ್ಛೆಯ ಸಂಶೋಧಕರಿಗೂ ಅವು ಮುಖ್ಯ. ಬ್ಯಾರೆಸ್ ಹೆಣ್ಣಾಗಿ ಬೆಳೆದು, ನಲವತ್ತರ ಹೊತ್ತಿಗೆ, 1997ರಲ್ಲಿ, ಗಂಡಾಗಿ ಬದುಕತೊಡಗಿದರು. ಒಮ್ಮೆ ಅವರ ಉಪನ್ಯಾಸ ಕೇಳಿದ ವಿಜ್ಞಾನಿಯೊಬ್ಬರು, ಇವರ ಕೆಲಸ ಇವರ ತಂಗಿಯ ಕೆಲಸಕ್ಕಿಂತ ಎಷ್ಟೋ ಮೇಲು ಅಂದರಂತೆ. ತಂಗಿ ಎಂದುಕೊಂಡದ್ದು ಹಿಂದಿನ ಹೆಸರಿನ ಅವರನ್ನೇ! ಬ್ಯಾರೆಸ್ ಅದನ್ನು 2006ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಹೆಸರು ಹಾಕಿಯೇ ಬರೆದರು, ಹೆಂಗಸರ ಸಂಶೋಧನೆಯನ್ನು ಹೇಗೆ ತೂಗುತ್ತಾರೆ ಎಂದು ತೋರಿಸಲು. ಎರಡೂ ಕಡೆಯಿಂದ ನೋಡಿದವರು ಹೇಳಿದ್ದರಿಂದ ಆ ಮಾತಿಗೆ ತೂಕ ಬಂತು. 2013ರಲ್ಲಿ ಅವರು ಅಮೆರಿಕದ ವಿಜ್ಞಾನ ಅಕಾಡೆಮಿಗೆ ಆಯ್ಕೆಯಾದರು. ನಮ್ಮ ದೇಶದಲ್ಲೂ ಅಶೋಕ ವಿಶ್ವವಿದ್ಯಾಲಯದ ಬಿಟ್ಟು ಕಾವೇರಿ ರಾಜಾರಾಮನ್ ಅವರಂಥ ನರವಿಜ್ಞಾನಿ ತಾವು ಟ್ರಾನ್ಸ್ ಪುರುಷ ಎಂದು ಬಹಿರಂಗವಾಗಿ ಹೇಳಿಕೊಂಡೇ ಪಾಠ ಮಾಡುತ್ತಿದ್ದಾರೆ.

ಧಾರವಾಡದ ಹುಡುಗನಿಗೆ ಆ ತಿಂಗಳೇ ಡೊಂಬಿವಲಿಯ ಒಂದು ಮನೆಯಲ್ಲಿ ಹೆಣ್ಣು ನೋಡುವುದಿತ್ತು. ತಂದೆತಾಯಿ ರೈಲಿನಲ್ಲೋ ಬಸ್ಸಿನಲ್ಲೋ ಹೇಗಾದರೂ ಸರಿ, ಹೊರಟೇಬಿಡುವ ಉತ್ಸಾಹದಲ್ಲಿದ್ದರು. ಫಿಟ್ಸಿನ ವಿಷಯ ಆ ಕಡೆಯವರಿಗೆ ತಿಳಿಸಿರಲಿಲ್ಲ. ಇವನು ಕೂತು ಯೋಚಿಸಿದ. “ಎರಡೂ ಒಮ್ಮಿಗೇ ಹೇಳಿದ್ರ ಅವ್ವ ತಡಕೊಳ್ಳಂಗಿಲ್ಲ” ಅಂದ. ಒಂದು ರಾತ್ರಿ ಫೋನು ಮಾಡಿ, ಹೆಣ್ಣು ನೋಡಲು ಬರುವುದಿಲ್ಲ, ಆ ಹುಡುಗಿಗೆ ಸುಳ್ಳು ಹೇಳಿ ಮದುವೆಯಾಗಲಾರೆ ಅಂದ. ರಾತ್ರಿ ಐದು ಸಲ ಬಂದದ್ದು, ಮಾತ್ರೆ ಬದಲಾದದ್ದು, ಡಾಕ್ಟರಿಗೆ ಎಲ್ಲ ಹೇಳಿದವನು ಯಾರು ಎಂಬುದನ್ನೂ ಹೇಳಿದ. ತಂದೆ ಫೋನು ಕೆಳಗಿಟ್ಟು ಎದ್ದು ಹೋದರು. ತಾಯಿ ಬಹಳ ಹೊತ್ತಿನ ಮೇಲೆ ಕೇಳಿದರು, “ರಾತ್ರಿ ಗುಳಿಗಿ ಯಾರು ಕೊಡ್ತಾರ?”

“ಅವನ ಕೊಡ್ತಾನವ್ವ.”

“ಹಂಗಾರ ಅವಗ ಹೇಳು, ಒಂದ ದಿನಾನೂ ತಪ್ಪಸಬ್ಯಾಡ ಅಂತ.”

ತಾಯಿಗೆ ಎಷ್ಟು ಅರ್ಥವಾಯಿತೋ, ಎಷ್ಟನ್ನು ಅರ್ಥವಾಗದಂತೆ ಇಟ್ಟುಕೊಂಡರೋ ಅವನಿಗೂ ತಿಳಿದಿಲ್ಲ. ತಂದೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಹೊಸ ಮಾತ್ರೆ ಶುರುವಾದ ಮೇಲೆ ಏಳು ತಿಂಗಳಾಯಿತು, ರಾತ್ರಿ ಬಂದದ್ದು ಒಂದೇ ಸಲ.

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಜಗತ್ತಿನಲ್ಲಿ ಸುಮಾರು 5 ಕೋಟಿ ಜನರಿಗೆ ಮೂರ್ಛೆರೋಗ ಇದೆ. ಸರಿಯಾಗಿ ಪತ್ತೆಹಚ್ಚಿ ಔಷಧ ಕೊಟ್ಟರೆ ನೂರಕ್ಕೆ ಎಪ್ಪತ್ತರಷ್ಟು ಜನ ಸೀಜರ್ ಇಲ್ಲದೆ ಬದುಕಬಹುದು. ನಮ್ಮ ಲೋಕಲ್ ಡಬ್ಬಿಯಲ್ಲಿ, ಆಫೀಸಿನಲ್ಲಿ, ಸಂಘದ ಕಾರ್ಯಕ್ರಮದಲ್ಲಿ ಯಾರಾದರೂ ಹೀಗೆ ಬಿದ್ದರೆ ಸುತ್ತ ಜಾಗ ಮಾಡಿ. ತಲೆಯ ಕೆಳಗೆ ಮೆತ್ತಗಿನದೇನಾದರೂ ಇಡಿ, ಪಕ್ಕಕ್ಕೆ ಹೊರಳಿಸಿ, ಕತ್ತಿನ ಗುಂಡಿ ಬಿಚ್ಚಿ. ಕೈಕಾಲು ಅದುಮಿ ಹಿಡಿಯಬೇಡಿ, ಬಾಯಿಗೆ ಏನೂ ಹಾಕಬೇಡಿ, ನೀರನ್ನೂ. ಚಪ್ಪಲಿ, ಈರುಳ್ಳಿ, ಬೀಗದ ಕೈ ಯಾವುದೂ ಬೇಡ. ಗಡಿಯಾರ ನೋಡಿ. ಐದು ನಿಮಿಷ ದಾಟಿದರೆ ಅಥವಾ ಪ್ರಜ್ಞೆ ಬರುವ ಮೊದಲೇ ಮತ್ತೆ ಶುರುವಾದರೆ 108ಕ್ಕೆ, ರೈಲಿನಲ್ಲಾದರೆ 139ಕ್ಕೆ ಫೋನು ಮಾಡಿ. ಕಂಡದ್ದನ್ನು ನೆನಪಿಟ್ಟುಕೊಂಡು ಅವರಿಗೆ ಹೇಳಿ ಹೋಗಿ. ಅವರ ಡಾಕ್ಟರಿಗೆ ಅದು ಬೇಕು.

ಸ್ಯಾಕ್ಸ್ ಅವರಿಗೆ ಪ್ರೀತಿ ಸಿಕ್ಕಿದ್ದು 75 ದಾಟಿದ ಮೇಲೆ, ಬಿಲ್ ಹೇಯ್ಸ್ ಎಂಬ ಬರಹಗಾರನಲ್ಲಿ. 2015ರ ವಸಂತದಲ್ಲಿ ಬಂದ ಆತ್ಮಕಥೆ ‘ಆನ್ ದಿ ಮೂವ್’ನಲ್ಲಿ ಮೊದಲ ಸಲ ಎಲ್ಲವನ್ನೂ ಬರೆದರು. ಅದೇ ವರ್ಷದ ಆಗಸ್ಟ್ 30ರಂದು ತೀರಿಕೊಂಡರು. ಸಾಯುವ ಎರಡು ವಾರ ಮೊದಲು ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬಂದ ಒಂದು ಬರಹದಲ್ಲಿ ಅವರು ನೆನಪಿಸಿಕೊಳ್ಳುವುದು ಹಿಂದಿನ ವರ್ಷದ ಜೆರುಸಲೇಮ್ ಪ್ರಯಾಣವನ್ನು. ನೂರು ತುಂಬಿದ ಸಂಬಂಧಿಯೊಬ್ಬರನ್ನು ನೋಡಲು ಅರುವತ್ತು ವರ್ಷಗಳ ನಂತರ ಅಲ್ಲಿಗೆ ಹೋಗಿದ್ದರು. ಅಲ್ಲಿ ಅವರ ಕಸಿನ್ ರಾಬರ್ಟ್ ಆಮನ್ ಇದ್ದರು. 2005ರ ಅರ್ಥಶಾಸ್ತ್ರದ ನೊಬೆಲ್ ಪಡೆದ ಗಣಿತಜ್ಞ, ಮಡಿಯ ವಿಚಾರದಲ್ಲಿ ಕಟ್ಟುನಿಟ್ಟು, ಶನಿವಾರದ ಸಬ್ಬಾತನ್ನು ಎಂದೂ ತಪ್ಪಿಸದವರು. ತಾಯಿಯ ಮಾತು ಕೇಳಿ ಆ ಧರ್ಮದಿಂದಲೇ ದೂರ ಸರಿದಿದ್ದ ಸ್ಯಾಕ್ಸ್, ಗೆಳೆಯನೊಂದಿಗೆ ಅಲ್ಲಿಗೆ ಹೋಗಲು ಅಳುಕುತ್ತಿದ್ದರು. ಆಮನ್ ಮನೆಯಿಂದ ಇಬ್ಬರಿಗೂ ಸೇರಿಯೇ ಊಟದ ಕರೆ ಬಂತು. ಹೋದರು. ಸಬ್ಬಾತಿನ ಮೊದಲ ಊಟಕ್ಕೆ ಎಲ್ಲರ ಜೊತೆ ಕೂತರು. ಯಾರೂ ಏನೂ ಕೇಳಲಿಲ್ಲ.

ಮುಂದಿನ ಹಬ್ಬಕ್ಕೆ ನಿಮ್ಮ ಮನೆಗೂ ಯಾರಾದರೂ ‘ರೂಮ್ ಪಾರ್ಟ್ನರ್’ ಜೊತೆ ಬರಬಹುದು. ಬಂದರೆ ಎರಡು ಎಲೆ ಹಾಕಿ. ಊಟವಾದ ಮೇಲೆ ಮಾತ್ರೆಯ ಹೊತ್ತಾಯಿತೇ ಎಂದೂ ಕೇಳಿ, ಇಬ್ಬರನ್ನೂ.